ಶುಕ್ರವಾರವೇ ಬರೆದ ಭಾನುವಾರದ ವರದಿ

ರಾಮ್‌ಫಲ್ ಎಂಬ ಆಟೋ ಚಾಲಕ ಹುಟ್ಟಿದ್ದು ಶುಕ್ರವಾರ ಸಂಜೆ ಏಳೂವರೆಗೆ, ದ್ವಾರಕಾದ ಆರನೇ ಸೆಕ್ಟರಿನ ಒಂದು ಫ್ಲ್ಯಾಟಿನ ಊಟದ ಮೇಜಿನ ಮೇಲೆ. ಹುಟ್ಟುವಾಗಲೇ ಅವನಿಗೆ ವಯಸ್ಸಾಗಿತ್ತು, ಮೀಸೆ ನರೆತಿತ್ತು, ಕಣ್ಣು ಮಂಜಾಗಿತ್ತು. ಅವನನ್ನು ಹುಟ್ಟಿಸಿದ ಏಕನಾಥನಿಗೆ ಬೇರೆ ದಾರಿಯಿರಲಿಲ್ಲ. ಮೂರನೆಯ ಪುಟದಲ್ಲಿ ನಾಲ್ಕು ಸಾಲು ಜಾಗ ಖಾಲಿ ಉಳಿದಿತ್ತು.

ಏಕನಾಥ ಹೊಟ್ಟೆಪಾಡಿಗೆ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಸೆಕ್ಷನ್ ಆಫೀಸರ್. ಗ್ರಹಚಾರಕ್ಕೆ ದ್ವಾರಕಾ ಕನ್ನಡ ಸೇವಾ ಕ್ಲಬ್ಬಿನ ವಾರಪತ್ರಿಕೆ ‘ಸೇವಾವಾರ್ತೆ’ಯ ಸಂಪಾದಕ. ನಾಲ್ಕೇ ಪುಟದ ಪತ್ರಿಕೆ. ಪ್ರತಿ ಭಾನುವಾರ ಬೆಳಿಗ್ಗೆ ಕ್ಲಬ್ಬು ಏನಾದರೊಂದು ಸೇವೆ ಮಾಡುತ್ತಿತ್ತು, ಸಂಜೆ ಸಭೆ ಸೇರುತ್ತಿತ್ತು. ಬೆಳಗಿನ ಸೇವೆಯ ವರದಿ ಸಂಜೆಯ ಸಭೆಯಲ್ಲಿ ಸದಸ್ಯರ ಕೈಯಲ್ಲಿರಬೇಕು ಎಂದು ಯಾವುದೋ ಕಾಲದಲ್ಲಿ ಯಾರೋ ಉತ್ಸಾಹಿಗಳು ಠರಾವು ಮಾಡಿಬಿಟ್ಟಿದ್ದರು. ಆದರೆ ಪಾಲಂನಲ್ಲಿದ್ದ ಪ್ರೆಸ್ಸು ಭಾನುವಾರ ಬಾಗಿಲು ತೆರೆಯುತ್ತಿರಲಿಲ್ಲ. ಠರಾವಿಗೂ ಪ್ರೆಸ್ಸಿಗೂ ನಡುವೆ ಸಿಕ್ಕಿಕೊಂಡ ಏಕನಾಥ ನಾಲ್ಕು ವರ್ಷದ ಹಿಂದೆ ಒಂದು ಉಪಾಯ ಕಂಡುಕೊಂಡ. ಭಾನುವಾರದ ವರದಿಯನ್ನು ಶುಕ್ರವಾರವೇ ಬರೆದುಬಿಡುವುದು.

ಇದರಲ್ಲಿ ಮೋಸವೇನೂ ಇಲ್ಲವೆಂದು ಅವನ ನಂಬಿಕೆ. ಲೀಲಮ್ಮನವರು ಪ್ರಾರ್ಥನೆ ಹಾಡುತ್ತಾರೆ, ಅದು ಸುಶ್ರಾವ್ಯವಾಗಿರುತ್ತದೆ. ಮುಖ್ಯ ಅತಿಥಿಗಳು ಮಾತಾಡುತ್ತಾರೆ, ಸಭಿಕರು ಮಂತ್ರಮುಗ್ಧರಾಗುತ್ತಾರೆ. ಕಾರ್ಯದರ್ಶಿ ಕೃಷ್ಣಮೂರ್ತಿ ವಂದಿಸುತ್ತಾರೆ, ಎಲ್ಲರೂ ಉಪ್ಪಿಟ್ಟು ತಿನ್ನುತ್ತಾರೆ. ನಾಲ್ಕು ವರ್ಷದಲ್ಲಿ ಇದು ಒಮ್ಮೆಯೂ ತಪ್ಪಿದ್ದಿಲ್ಲ. ಈ ಗುಟ್ಟು ಗೊತ್ತಿದ್ದದ್ದು ಹೆಂಡತಿ ರತ್ನಾಗೆ ಮತ್ತು ಕೃಷ್ಣಮೂರ್ತಿಗೆ ಮಾತ್ರ. ಕೃಷ್ಣಮೂರ್ತಿಗೆ ಗೊತ್ತಾಗದೆ ಇರುವಂತಿರಲಿಲ್ಲ, ಏಕೆಂದರೆ ನಾಲ್ಕನೆಯ ಪುಟ ಅವರದು. ಸದಸ್ಯರ ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಯಾರ ಮನೆಗೆ ಯಾರು ಊರಿಂದ ಬಂದಿದ್ದಾರೆ ಎಂಬಂಥ ಸುದ್ದಿ. ಅದನ್ನು ಅವರೇ ಬರೆದು ಶನಿವಾರ ಅವರೇ ಪ್ರೆಸ್ಸಿಗೆ ಕೊಟ್ಟು ಬರುತ್ತಿದ್ದರು. ಏಕನಾಥ ಆ ಪುಟವನ್ನು ಓದುವ ಗೋಜಿಗೆ ಹೋದವನಲ್ಲ.

ಈ ಭಾನುವಾರ ಮಾತ್ರ ಅವನಿಗೆ ಬಿಡುಗಡೆಯ ದಿನ. ಅಂದು ಅವರ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ದೆಹಲಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ರತ್ನಾ ತಾಜಮಹಲು ನೋಡಿರಲಿಲ್ಲ. ಊರಿಂದ ಬಂದ ಚಿಕ್ಕಪ್ಪ, ದೊಡ್ಡಮ್ಮ, ಅವರ ಬೀಗರು, ಬೀಗರ ಪಕ್ಕದ ಮನೆಯವರು, ಎಲ್ಲರೂ ಇವರ ಮನೆಯಲ್ಲಿ ಇಳಿದುಕೊಂಡು, ರತ್ನಾ ಕಟ್ಟಿಕೊಟ್ಟ ಪುಳಿಯೋಗರೆ ಹಿಡಿದುಕೊಂಡು ಆಗ್ರಾಕ್ಕೆ ಹೋಗಿ ಬಂದಿದ್ದರು. ರತ್ನಾ ಹೋಗೋಣವೆಂದಾಗಲೆಲ್ಲ ಏಕನಾಥನಿಗೆ ಭಾನುವಾರ ಕ್ಲಬ್ಬು; ಉಳಿದ ದಿನ ಆಫೀಸು. ಹೋದ ತಿಂಗಳು ಅವಳು ಜಗಳವಾಡಲಿಲ್ಲ, ಸುಮ್ಮನೆ ಅತ್ತಳು. ಏಕನಾಥನಿಗೆ ನಿಜವಾಗಿಯೂ ಕರುಳು ಚುರುಕ್ಕೆಂದಿತು. ಮಾರನೆಯ ದಿನವೇ ಹೋಗಿ, ಸಂಪಾದಕನ ಕೆಲಸದಿಂದ ಬಿಡಿಸಿ ಎಂದು ಕ್ಲಬ್ಬಿನ ಅಧ್ಯಕ್ಷ ಕರ್ನಲ್ ಪೂವಣ್ಣನವರ ಮುಂದೆ ನಿಂತ.

ಕೊಡಗಿನ ಪೂವಣ್ಣನವರು ಸೈನ್ಯದಿಂದ ನಿವೃತ್ತರಾಗಿದ್ದರೇ ಹೊರತು ಸೈನ್ಯ ಅವರಿಂದ ನಿವೃತ್ತವಾಗಿರಲಿಲ್ಲ. ಮೀಸೆ ತಿರುವಿ, ಯೋಚಿಸಿ, ಒಂದು ಷರತ್ತು ಹಾಕಿದರು. “ಸೆಪ್ಟೆಂಬರಿನಲ್ಲಿ ಒಕ್ಕೂಟದ ಅಧ್ಯಕ್ಷರು ಇನ್‌ಸ್ಪೆಕ್ಷನ್‌ಗೆ ಬರ್ತಾರೆ, ಏಕನಾಥ್. ಅದು ಒಂದು ತಪ್ಪೂ ಇಲ್ಲದೆ ಮುಗೀಲಿ. ಅವತ್ತು ಸಂಜೆನೇ ಶಾಲು ಹೊದಿಸಿ ನಿಮ್ಮನ್ನ ಕಳಿಸಿಕೊಡ್ತೀನಿ. ಪತ್ರಿಕೆ ಕೃಷ್ಣಮೂರ್ತಿ ನೋಡ್ಕೊಳ್ಳಲಿ.”

ಪಕ್ಕದಲ್ಲೇ ಕೂತಿದ್ದ ಕೃಷ್ಣಮೂರ್ತಿ ತುಟಿ ಅರಳಿಸಿದರು. ನಗು ಕಣ್ಣಿನವರೆಗೆ ಬರಲಿಲ್ಲ.

ಏಕನಾಥ ಅಂದೇ ಹೋಗಿ, ಇನ್‌ಸ್ಪೆಕ್ಷನ್ ಆದ ಮರುವಾರದ ಭಾನುವಾರಕ್ಕೆ ಆಗ್ರಾದ ಎರಡು ರೈಲು ಟಿಕೆಟ್ ತಂದು ದೇವರ ಮುಂದಿಟ್ಟ.

ಒಕ್ಕೂಟದ ಅಧ್ಯಕ್ಷೆ ವೈಜಯಂತಿ ಮೇಡಂ ನಿವೃತ್ತ ಪ್ರಿನ್ಸಿಪಾಲರು. ನೋಯ್ಡಾ, ಗುಡಗಾಂವ್, ಗಾಜಿಯಾಬಾದ್, ದ್ವಾರಕಾ, ಹೀಗೆ ಎಲ್ಲ ಕಡೆಯ ಕನ್ನಡ ಸೇವಾ ಕ್ಲಬ್ಬುಗಳೂ ಅವರ ಕೈಕೆಳಗೆ. ಅವರ ಕೈಚೀಲದಲ್ಲಿ ಸದಾ ಒಂದು ಕೆಂಪು ಪೆನ್ಸಿಲ್ ಇರುತ್ತಿತ್ತು. ಗಾಜಿಯಾಬಾದಿನ ಪತ್ರಿಕೆಯಲ್ಲಿ ನಡೆಯದೇ ಇದ್ದ ಒಂದು ವಂದನಾರ್ಪಣೆ ಅಚ್ಚಾಗಿತ್ತೆಂದು ಸಭೆಯಲ್ಲೇ ಎದ್ದುನಿಂತು, “ನಾನೂ ಅಲ್ಲೇ ಇದ್ದೆನಲ್ಲ, ನನಗೆ ಯಾಕೆ ಕೇಳಿಸಲಿಲ್ಲ?” ಎಂದು ಕೇಳಿ, ಇಡೀ ಕಾರ್ಯಕಾರಿ ಸಮಿತಿಯನ್ನು ಮನೆಗೆ ಕಳಿಸಿದ್ದರು. ಅಂಥವರು ಈ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಆಟೋ ಚಾಲಕರ ಕಣ್ಣು ತಪಾಸಣೆಯ ಶಿಬಿರಕ್ಕೂ ಬರುವವರಿದ್ದರು, ಸಂಜೆಯ ಸಭೆಗೂ ಬರುವವರಿದ್ದರು.

ಇದು ಗೊತ್ತಿದ್ದೂ ಏಕನಾಥ ಶುಕ್ರವಾರವೇ ಬರೆದ. ಪ್ರೆಸ್ಸು ಭಾನುವಾರ ತೆರೆಯುವುದಿಲ್ಲವಲ್ಲ. ಲೀಲಮ್ಮನವರ ಸುಶ್ರಾವ್ಯ ಪ್ರಾರ್ಥನೆ, ನೇತ್ರತಜ್ಞ ಡಾಕ್ಟರ್ ಸೂರ್ಯನಾರಾಯಣರ ಇಪ್ಪತ್ತು ನಿಮಿಷದ ಭಾಷಣ, ಮಂತ್ರಮುಗ್ಧ ಸಭಿಕರು, ನಲವತ್ತೊಂದು ಚಾಲಕರಿಗೆ ತಪಾಸಣೆ, ಹದಿನೆಂಟು ಜನಕ್ಕೆ ಕನ್ನಡಕ, ಕೃಷ್ಣಮೂರ್ತಿಯವರಿಂದ ಎರಡೇ ಮಾತಿನಲ್ಲಿ ವಂದನೆ. ಇಷ್ಟಾದರೂ ನಾಲ್ಕು ಸಾಲು ಉಳಿಯಿತು. ಆಗಲೇ ರಾಮ್‌ಫಲ್ ಅವತರಿಸಿದ್ದು. ‘ಕನ್ನಡಕ ಧರಿಸಿದ ಕೂಡಲೇ ರಾಮ್‌ಫಲ್ ಎಂಬ ಹಿರಿಯ ಚಾಲಕರು ಆನಂದಬಾಷ್ಪ ಸುರಿಸುತ್ತ, ದುನಿಯಾ ಸಾಫ್ ದಿಖ್ ರಹೀ ಹೈ (ಜಗತ್ತು ನಿಚ್ಚಳವಾಗಿ ಕಾಣುತ್ತಿದೆ) ಎಂದು ಉದ್ಗರಿಸಿದ್ದು ನೆರೆದವರ ಹೃದಯ ಕಲಕಿತು.’

*

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ, ಏಕನಾಥ ಪತ್ರಿಕೆಯ ಕಟ್ಟು ಬಿಚ್ಚಿ ಮೂರನೆಯ ಪುಟದ ಅಚ್ಚು ಸರಿಯಿದೆಯೇ ಎಂದು ನೋಡುತ್ತಿರುವಾಗ ಫೋನು ಬಂತು. ಆ ಕಡೆಯಿಂದ ಬಂದದ್ದು ಮಾತಲ್ಲ, ಹಳೆಯ ಬಾಗಿಲಿನ ಕಿರುಗುಟ್ಟುವಿಕೆ.

“ಯಾರು?” ಎಂದ.

“ಲೀಲಮ್ಮ,” ಎಂದಿತು ಕಿರುಗುಟ್ಟುವಿಕೆ. “ನಿನ್ನೆ ಮೊಮ್ಮಗಳ ಜೊತೆ ಇಂಡಿಯಾ ಗೇಟ್‌ಗೆ ಹೋಗಿದ್ದೆ. ಎರಡು ಕುಲ್ಫಿ ತಿಂದೆ. ಗಂಟಲು ಹೋಯ್ತು. ಪ್ರಾರ್ಥನೆ ಬೇರೆಯವರ ಕೈಲಿ ಹಾಡಿಸಿ.”

“ಬೇರೆಯವರ ಕೈಲಿ ಆಗಲ್ಲ ಲೀಲಮ್ಮನವರೇ,” ಎಂದ ಏಕನಾಥ. ಅವನ ದನಿಯೂ ಅರ್ಧ ಹೋಗಿತ್ತು. “ಪ್ರಿಂಟ್ ಆಗಿಬಿಟ್ಟಿದೆ.”

ಪ್ರೆಸ್ಸಿನವನಿಗೆ ಫೋನು ಮಾಡಿದ. ಅವನು ಮೇರಠ್‌ನಲ್ಲಿ ಅಕ್ಕನ ಮಗನ ಮದುವೆಯ ಮೆರವಣಿಗೆಯಲ್ಲಿದ್ದ. ಬ್ಯಾಂಡಿನ ಸದ್ದಿನಲ್ಲಿ, “ಸೋಮವಾರ್ ಕೋ, ಬಾಬೂಜಿ,” ಎಂಬುದೊಂದೇ ಕೇಳಿಸಿತು. ಕೃಷ್ಣಮೂರ್ತಿಗೆ ಫೋನು ಮಾಡಿದ. ಕೃಷ್ಣಮೂರ್ತಿ ಎಲ್ಲ ಕೇಳಿ, ಆಶ್ಚರ್ಯವೆನ್ನುವಷ್ಟು ಸಮಾಧಾನದಿಂದ ಹೇಳಿದರು. “ಗಾಬರಿ ಯಾಕ್ರೀ? ಪ್ರಿಂಟ್ ಆದಮೇಲೆ ಮುಗೀತು. ಅದರಲ್ಲಿರೋ ಹಾಗೆ ನಡೆಸೋಣ. ಹೋದ ವರ್ಷ ಲೀಲಮ್ಮನವರು ಹಾಡಿದ್ದು ನನ್ನ ಹತ್ರ ಕ್ಯಾಸೆಟ್ ಇದೆ, ತರ್ತೀನಿ.”

ಇಂಥ ಗೆಳೆಯರು ಯಾರಿಗುಂಟು ಎಂದುಕೊಂಡ ಏಕನಾಥ. ರತ್ನಾ ಅಡುಗೆಮನೆಯಿಂದ ಹೊರಬಂದಳು. ಕೈಯಲ್ಲಿ ಪುಳಿಯೋಗರೆಗೆಂದು ಕುದಿಸಿದ ಗೊಜ್ಜಿನ ಸೌಟು. “ರೀ, ಗೊಜ್ಜು ಈಗಲೇ ಮಾಡಿಟ್ಟಿದೀನಿ. ಒಂದು ವಾರ ಇಟ್ಟರೆ ಚೆನ್ನಾಗಿ ಹಿಡಿಯುತ್ತೆ. ನಿಜವಾಗ್ಲೂ ಹೋಗ್ತೀವಿ ತಾನೆ?”

“ಹೋಗದೆ ಏನು? ಸಂಜೆ ಏಳಕ್ಕೆ ನಾನು ಸ್ವತಂತ್ರ,” ಎಂದು ಕಟ್ಟನ್ನು ಹೆಗಲಿಗೇರಿಸಿ ಹೊರಟ.

*

ಹತ್ತನೇ ಸೆಕ್ಟರಿನ ಮೆಟ್ರೋ ನಿಲ್ದಾಣದ ಪಕ್ಕದ ಪಾರ್ಕಿನಲ್ಲಿ ಶಾಮಿಯಾನ ಹಾಕಿತ್ತು. ಡಾಕ್ಟರ್ ಸೂರ್ಯನಾರಾಯಣರು ಇಬ್ಬರು ಸಹಾಯಕರೊಂದಿಗೆ ಅಕ್ಷರದ ಹಲಗೆ ನೇತುಹಾಕಿ, ಹದಿನೆಂಟು ಕನ್ನಡಕ ಜೋಡಿಸಿಟ್ಟು ಕಾಯುತ್ತಿದ್ದರು. ಹತ್ತೂವರೆಯಾದರೂ ಒಬ್ಬ ಆಟೋದವನ ಸುಳಿವಿಲ್ಲ. ಯಾವಾಗಲೂ ಹತ್ತಿಪ್ಪತ್ತು ಆಟೋ ಸಾಲಾಗಿ ನಿಲ್ಲುತ್ತಿದ್ದ ಮೆಟ್ರೋ ನಿಲ್ದಾಣದ ಎದುರು ಒಂದು ನಾಯಿ ಕಾಲು ಚಾಚಿ ಮಲಗಿತ್ತು.

ಏಕನಾಥ ಓಡಿಹೋಗಿ ಚಹಾದ ಅಂಗಡಿಯವನನ್ನು ಕೇಳಿದ. “ಭಯ್ಯಾ, ಆಟೋವಾಲೇ ಕಹಾಂ ಗಯೇ?”

ಭಯ್ಯಾ ಗಲ್ಲದಿಂದಲೇ ಶಾಮಿಯಾನದ ಕಡೆ ತೋರಿಸಿದ. “ವೋ ಇನ್ಸ್‌ಪೆಕ್ಟರ್ ಸಾಬ್ ಖಡೇ ಹೈಂ ನಾ. ಕಣ್ಣು ಫೇಲಾದರೆ ಲೈಸೆನ್ಸ್ ಕಿತ್ಕೋತಾರಂತೆ. ಸಬ್ ಭಾಗ್ ಗಯೇ.” ಹತ್ತು ವರ್ಷ ಕನ್ನಡದವರಿಗೆ ಚಹಾ ಮಾರಿದ ಭಯ್ಯಾ ಹೀಗೆ ಎರಡೂ ಭಾಷೆ ಕಲಸಿ ಮಾತಾಡುತ್ತಿದ್ದ.

ತಿರುಗಿ ನೋಡಿದರೆ ಪಾರ್ಕಿನ ಗೇಟಿನಲ್ಲಿ ನೀಲಿ ಬ್ಲೇಜರು ತೊಟ್ಟು, ಬೆಳ್ಳಿ ಹಿಡಿಯ ಕೋಲು ಕಂಕುಳಲ್ಲಿಟ್ಟು, ಮೀಸೆಯ ಮೇಲೊಂದು ಬೆರಳಿಟ್ಟು ಅತಿಥಿಗಳ ಸ್ವಾಗತಕ್ಕೆ ನಿಂತಿದ್ದರು ಕರ್ನಲ್ ಪೂವಣ್ಣ. ಅವರನ್ನು ನೋಡಿದರೆ ಆಟೋದವರೇಕೆ, ಲಾರಿಯವರೂ ಹಿಂದಕ್ಕೆ ತಿರುಗಿಸುತ್ತಿದ್ದರು.

ಏಕನಾಥನಿಗೆ ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆನಿಸಿತು. ಕರ್ನಲರನ್ನು ಶಾಮಿಯಾನದ ಹಿಂದಕ್ಕೆ ಕರೆದೊಯ್ದು, ಪತ್ರಿಕೆಯ ಮೂರನೆಯ ಪುಟ ಮಡಚಿ ಕೈಗಿಟ್ಟು, ನಾಲ್ಕು ವರ್ಷದ ಪಾಪವನ್ನೆಲ್ಲ ಒಪ್ಪಿಕೊಂಡ. ಬೈಗುಳಕ್ಕೆ ಕಿವಿ ಸಿದ್ಧ ಮಾಡಿಕೊಂಡು ನಿಂತ.

ಕರ್ನಲರು ಓದಿದರು. ಮತ್ತೊಮ್ಮೆ ಓದಿದರು. ಅವರ ಕಣ್ಣು ಮೆಲ್ಲಗೆ ಹೊಳೆಯತೊಡಗಿತು. “ಏಕನಾಥ್, ಇದನ್ನ ವರದಿ ಅಂತ ಯಾಕೆ ಅಂತೀರಿ? ಎಷ್ಟು ಜನ, ಯಾರು, ಯಾವಾಗ, ಏನು ಮಾಡಬೇಕು, ಎಲ್ಲ ಇದೆ. ಇದು ಆಪರೇಷನ್ ಆರ್ಡರ್. ಮೂವತ್ತು ವರ್ಷ ನಾನು ಇದನ್ನೇ ಮಾಡಿದ್ದು. ಆರ್ಡರ್ ಹೊರಟ ಮೇಲೆ ಪಾಲಿಸೋದೊಂದೇ ಕೆಲಸ.”

ಹದಿನಾಲ್ಕು ಸದಸ್ಯರನ್ನು ಸಾಲಾಗಿ ನಿಲ್ಲಿಸಿದರು. ಯೋಜನೆ ಸರಳ. ಪ್ರತಿಯೊಬ್ಬರೂ ಬೇರೆ ಬೇರೆ ಸೆಕ್ಟರಿಗೆ ಹೋಗುವುದು, ಅಲ್ಲಿಂದ ಒಂದು ಆಟೋ ಹಿಡಿದು ಪಾರ್ಕಿಗೆ ಬರುವುದು, ಇಳಿದ ಮೇಲೆ “ಬಾಡಿಗೆ ಒಳಗೆ ಕೊಡ್ತಾರೆ” ಎನ್ನುವುದು. ಒಳಗೆ ಡಾಕ್ಟರು. ಕಣ್ಣು ತೋರಿಸಿದವನಿಗೆ ಬಾಡಿಗೆ. ತಲಾ ಮೂರು ಸಲ. “ಬ್ಲೇಜರ್ ಬಿಚ್ಚಲಾ?” ಎಂದು ಕರ್ನಲರೇ ಕೇಳಿದರು. “ಬಿಚ್ಚಿ ಸರ್,” ಎಂದರು ಹದಿನಾಲ್ಕು ಜನರೂ. ಬಿಚ್ಚಿದ ಮೇಲೆ ಒಳಗಿನ ಪಟ್ಟೆ ಟೈ ಇನ್ನೂ ಭಯಂಕರವಾಗಿ ಕಾಣುತ್ತಿತ್ತು.

ಹನ್ನೊಂದಕ್ಕೆ ಸರಿಯಾಗಿ ವೈಜಯಂತಿ ಮೇಡಂ ಬಂದರು. ಲೀಲಮ್ಮನವರು ಸುಡುಬಿಸಿಲಲ್ಲಿ ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು ಮೈಕಿನ ಮುಂದೆ ನಿಂತು ಬಾಯಿ ತೆರೆದರು. ವೇದಿಕೆಯ ಹಿಂದೆ ಬಗ್ಗಿ ಕೂತ ಏಕನಾಥ ಗುಂಡಿ ಒತ್ತಿದ. ಹಾಡು ಹೊರಟಿತು, ಸುಶ್ರಾವ್ಯವಾಗಿಯೇ ಹೊರಟಿತು. ಕೊನೆಯ ಚರಣ ಮುಗಿದು ಲೀಲಮ್ಮನವರು ಬಾಯಿ ಮುಚ್ಚಿ ಕೈ ಮುಗಿದ ಮೇಲೂ ಅವರದೇ ದನಿ ಮೈಕಿನಲ್ಲಿ, “ಉಪ್ಪಿಟ್ಟಿಗೆ ಉಪ್ಪು ಯಾರು ಹಾಕಿದ್ದು?” ಎಂದು ಕೇಳಿತು. ಏಕನಾಥ ವೈರನ್ನೇ ಕಿತ್ತ.

ಮೇಡಂ ಪಕ್ಕಕ್ಕೆ ಬಾಗಿ ಕರ್ನಲರಿಗೆ ಹೇಳಿದರು. “ಲೀಲಮ್ಮನವರ ಕಂಠ ಹೋದ ವರ್ಷ ಹೇಗಿತ್ತೋ ಹಾಗೇ ಇದೆ.”

“ಒಂಚೂರೂ ಬದಲಾಗಿಲ್ಲ, ಮೇಡಂ,” ಎಂದರು ಕರ್ನಲರು.

ಅಷ್ಟರಲ್ಲಿ ಆಟೋಗಳು ಬರತೊಡಗಿದವು. ಮೊದಲು ಒಂದು, ಆಮೇಲೆ ಮೂರು, ಆಮೇಲೆ ಪಾರ್ಕಿನ ಸುತ್ತ ಹಸಿರು ಹಳದಿಯ ಬೇಲಿ ಹಾಕಿದ ಹಾಗಾಯಿತು. ಡಾಕ್ಟರ್ ಸೂರ್ಯನಾರಾಯಣರು ಎದ್ದು ಕಣ್ಣಿನ ರಕ್ಷಣೆಯ ಬಗ್ಗೆ ಕನ್ನಡದಲ್ಲಿ ಇಪ್ಪತ್ತು ನಿಮಿಷ ಮಾತಾಡಿದರು. ಬಾಡಿಗೆ ಸಿಗದೆ ಹೊರಡುವಂತಿಲ್ಲ, ಗೇಟಿನಲ್ಲಿ ಕರ್ನಲರು. ಚಾಲಕರು ಉಸಿರು ಬಿಗಿಹಿಡಿದು ಕೂತಿದ್ದರು. ಇಷ್ಟು ಮಂತ್ರಮುಗ್ಧರಾದ ಸಭಿಕರನ್ನು ಏಕನಾಥ ಜನ್ಮದಲ್ಲಿ ಕಂಡಿರಲಿಲ್ಲ.

ಅವನ ಚಿಂತೆಯೇ ಬೇರೆ. ಪುಸ್ತಕ ಹಿಡಿದು ಒಬ್ಬೊಬ್ಬರ ಹೆಸರು ಬರೆದುಕೊಳ್ಳುತ್ತಿದ್ದ. ಸತ್‌ಬೀರ್, ರಾಜಿಂದರ್, ಅಸ್ಲಂ, ಮಹೇಂದರ್, ಇನ್ನೊಬ್ಬ ಸತ್‌ಬೀರ್. ಹನ್ನೆರಡೂವರೆಗೆ ನಲವತ್ತು ಹೆಸರಾಯಿತು, ರಾಮ್‌ಫಲ್ ಇಲ್ಲ. ಹದಿನೇಳು ಕನ್ನಡಕ ಹೋಗಿತ್ತು, ಒಂದು ಉಳಿದಿತ್ತು. ಮೇಡಂ ಗಡಿಯಾರ ನೋಡಿಕೊಂಡರು.

“ಇನ್ನೊಬ್ಬನ್ನ ತರಬೇಕು,” ಎಂದು ಏಕನಾಥ ಕೃಷ್ಣಮೂರ್ತಿಯ ಕಿವಿಯಲ್ಲಿ ಹೇಳಿದ. “ಅವನ ಹೆಸರು ರಾಮ್‌ಫಲ್ ಆಗಿರಬೇಕು. ಅವನು ಅಳಬೇಕು. ನನ್ನ ಕೈಲಿ ಆಗಲ್ಲ ಕೃಷ್ಣಮೂರ್ತಿ. ಮೇಡಂಗೆ ಹೇಳಿಬಿಡ್ತೀನಿ.”

ಕೃಷ್ಣಮೂರ್ತಿ ಅವನ ತೋಳು ಹಿಡಿದರು. “ಹೇಳೋದಾ? ಇಷ್ಟು ದೂರ ಬಂದಮೇಲೆ? ಪತ್ರಿಕೇಲಿ ಇರೋದು ಒಂದಕ್ಷರಾನೂ ಸುಳ್ಳಾಗಬಾರದು. ಹೋಗಿ, ಹೋಗಿ.” ಅವರ ಕಣ್ಣಲ್ಲಿ ನೀರು ಬರುವಷ್ಟು ಕಾಳಜಿಯಿತ್ತು. ಏಕನಾಥ ಓಡಿದ.

ಪಾಲಂ ಮೇಲ್ಸೇತುವೆಯ ಕೆಳಗೆ ಒಬ್ಬ ಹುಡುಗಪ್ರಾಯದ ಚಾಲಕ ಸಿಕ್ಕಿದ. ಹೆಸರು ಧರಮ್‌ಪಾಲ್ ಎಂದ. ಮೀಸೆ ಕಪ್ಪಗಿತ್ತು. ಏಕನಾಥ ಆಸೆಬಿಟ್ಟು ಹತ್ತಿ ಕೂತ. ಪಾರ್ಕಿಗೆ ಬಂದು, ಬಾಡಿಗೆ ಒಳಗೆ ಎಂದು ಕರೆದುಕೊಂಡು ಹೊರಟಾಗ ಗೇಟಿನಲ್ಲಿ ಕರ್ನಲರು ಕೋಲು ಅಡ್ಡಹಿಡಿದರು. “ನಾಮ್?” ಎಂದರು.

ಪಟ್ಟೆ ಟೈಯನ್ನೂ ಮೀಸೆಯನ್ನೂ ನೋಡಿ ಧರಮ್‌ಪಾಲನ ಮುಖದಲ್ಲಿ ರಕ್ತವಿಲ್ಲದಂತಾಯಿತು. ಆಟೋದ ಪರ್ಮಿಟ್ಟು ಅವನ ಹೆಸರಿನಲ್ಲಿರಲಿಲ್ಲ, ಮಾವನ ಹೆಸರಿನಲ್ಲಿತ್ತು. ಇನ್ಸ್‌ಪೆಕ್ಟರು ಕೇಳಿದರೆ ಯಾವ ಹೆಸರು ಹೇಳಬೇಕೆಂದು ಮಾವ ಕಲಿಸಿಯೇ ಕಳಿಸಿದ್ದ. “ರಾಮ್‌ಫಲ್, ಸಾಬ್,” ಎಂದ.

ಏಕನಾಥ ಅವನನ್ನು ತಬ್ಬಿಕೊಳ್ಳುವುದೊಂದು ಬಾಕಿ.

ಡಾಕ್ಟರು ಪರೀಕ್ಷಿಸಿ, “ಇವನದು ಹದ್ದಿನ ಕಣ್ಣು. ಕನ್ನಡಕ ಬೇಡ,” ಎಂದರು.

“ಕೊಡಲೇಬೇಕು ಡಾಕ್ಟ್ರೇ,” ಎಂದ ಏಕನಾಥ ಅವರ ಕಿವಿಯಲ್ಲಿ. “ಪ್ರಿಂಟ್ ಆಗಿಬಿಟ್ಟಿದೆ.”

ಡಾಕ್ಟರು ಏನೂ ಅರ್ಥವಾಗದೆ ಅವನನ್ನೇ ನೋಡುತ್ತಿರುವಾಗ ಏಕನಾಥನೇ ಕೊನೆಯ ಕನ್ನಡಕವನ್ನು ಎತ್ತಿ ಚಾಲಕನ ಮೂಗಿನ ಮೇಲಿಟ್ಟ. ಬಾಟಲಿಯ ತಳದಷ್ಟು ದಪ್ಪದ ಗಾಜು. ಹದ್ದಿನ ಕಣ್ಣು ಎರಡು ಸಲ ಪಿಳುಕಿತು, ಮೂರನೆಯ ಸಲಕ್ಕೆ ಧಾರಾಕಾರ ನೀರು ಸುರಿಸಿತು. ವೈಜಯಂತಿ ಮೇಡಂ ಕುರ್ಚಿ ಬಿಟ್ಟೆದ್ದು ಹತ್ತಿರ ಬಂದರು. “ಕೈಸಾ ಲಗ್ ರಹಾ ಹೈ, ಭಯ್ಯಾ?”

ಅವನಿಗೆ ಮೇಡಂ ಎರಡಾಗಿ ಕಾಣುತ್ತಿದ್ದರು. ಅವರ ಹಿಂದೆ ಇನ್ಸ್‌ಪೆಕ್ಟರೂ ಎರಡಾಗಿ ಕಾಣುತ್ತಿದ್ದ. ಕಣ್ಣು ಫೇಲಾದರೆ ಲೈಸೆನ್ಸು ಹೋಗುತ್ತದೆಂಬ ಸುದ್ದಿ ಪಾಲಂವರೆಗೂ ತಲುಪಿತ್ತು. ಅವನು ಕೈ ಜೋಡಿಸಿ, ಕೆನ್ನೆಯ ಮೇಲೆ ನೀರಿಳಿಸುತ್ತ ಅಂಗಲಾಚಿದ. “ಸಾಫ್ ದಿಖ್ ರಹಾ ಹೈ ಮೇಡಂಜೀ, ಸಬ್ ಸಾಫ್. ಪೂರೀ ದುನಿಯಾ ಸಾಫ್ ದಿಖ್ ರಹೀ ಹೈ. ಅಬ್ ಜಾನೇ ದೋ.”

ನೆರೆದವರ ಹೃದಯ ಕಲಕಿತು. ಕರ್ನಲರು ಕರವಸ್ತ್ರ ತೆಗೆದರು. ಧರಮ್‌ಪಾಲ್ ಬಾಡಿಗೆ ತೆಗೆದುಕೊಂಡು, ಕನ್ನಡಕ ತೆಗೆದು ಜೇಬಿಗೆ ಹಾಕಿ, “ಸಸುರ್‌ಜೀ ಕೇ ಕಾಮ್ ಆಯೇಗಾ,” ಮಾವನಿಗಾದರೂ ಉಪಯೋಗಕ್ಕೆ ಬಂದೀತು, ಎಂದುಕೊಂಡು ಹೊರಟುಹೋದ. ಹೀಗೆ ಅಸಲಿ ರಾಮ್‌ಫಲ್‌ಗೂ ಕನ್ನಡಕ ಸಿಕ್ಕಿತು.

ಮೈಕು ಸಿಕ್ಕಿದರೆ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ವಂದಿಸುವ ಕೃಷ್ಣಮೂರ್ತಿ ಅಂದು ಎದ್ದು, “ಎಲ್ಲರಿಗೂ ವಂದನೆ. ಉಪ್ಪಿಟ್ಟಿದೆ,” ಎಂದು ಕೂತುಬಿಟ್ಟರು. ಏಕನಾಥ ಮನಸ್ಸಿನಲ್ಲೇ ಕೈ ಮುಗಿದ. ತನಗಾಗಿ ಈ ಮನುಷ್ಯ ಎಂಥ ತ್ಯಾಗ ಮಾಡಿದರು.

ಕಾರು ಹತ್ತುವ ಮೊದಲು ಮೇಡಂ ಕೇಳಿದರು. “ಇದರ ವರದಿ ಸಂಜೆಗೇ ಬರುತ್ತಂತೆ? ಐದು ಗಂಟೆಯಲ್ಲಿ ಬರೆದು ಅಚ್ಚು ಹಾಕಿಸ್ತೀರಾ? ತಪ್ಪಿದ್ದರೆ ಯಾರು ಜವಾಬ್ದಾರಿ?”

ಏಕನಾಥ ಎದೆಯುಬ್ಬಿಸಿದ. “ನಾನೇ ಮೇಡಂ. ನಾಲ್ಕು ಪುಟದ ಒಂದೊಂದು ಅಕ್ಷರಕ್ಕೂ ನಾನೇ ಜವಾಬ್ದಾರಿ.”

ಹಿಂದೆ ನಿಂತಿದ್ದ ಕೃಷ್ಣಮೂರ್ತಿ ಆಕಾಶ ನೋಡಿದರು.

*

ಸಂಜೆ ಆರಕ್ಕೆ ಹೌಸಿಂಗ್ ಸೊಸೈಟಿಯ ಹಾಲ್ ತುಂಬಿತ್ತು. ರತ್ನಾ ಮದುವೆಯ ಹಸಿರು ಮೈಸೂರು ಸಿಲ್ಕ್ ಉಟ್ಟು ಎರಡನೆಯ ಸಾಲಿನಲ್ಲಿ ಕೂತಿದ್ದಳು. ವೇದಿಕೆಯ ಮೇಜಿನ ಮೇಲೆ ಮಡಚಿಟ್ಟ ಶಾಲು. ಏಕನಾಥ ಎಲ್ಲರಿಗೂ ‘ಸೇವಾವಾರ್ತೆ’ ಹಂಚಿ, ಮೊದಲ ಸಾಲಿನ ತುದಿಯ ಕುರ್ಚಿಯಲ್ಲಿ ಕೂತು, ವೈಜಯಂತಿ ಮೇಡಂ ಕೈಚೀಲದಿಂದ ಕೆಂಪು ಪೆನ್ಸಿಲ್ ತೆಗೆಯುವುದನ್ನು ನೋಡಿದ.

ಪೆನ್ಸಿಲ್ ಮೊದಲ ಪುಟದ ಮೇಲೆ ನಿಧಾನವಾಗಿ ಇಳಿಯಿತು. ಎರಡನೆಯ ಪುಟ. ಮೂರನೆಯ ಪುಟದಲ್ಲಿ ಲೀಲಮ್ಮನವರ ಬಳಿ ಒಂದು ಕ್ಷಣ ನಿಂತಿತು, ಮುಂದೆ ಹೋಯಿತು. ನಲವತ್ತೊಂದರ ಬಳಿ ನಿಂತಿತು, ಮುಂದೆ ಹೋಯಿತು. ರಾಮ್‌ಫಲ್‌ನ ನಾಲ್ಕು ಸಾಲು ಮುಗಿದಾಗ ಮೇಡಂ ಪೆನ್ಸಿಲ್ ಕೆಳಗಿಟ್ಟು ಹಾಳೆ ಮಗುಚಿದರು. ಒಂದು ಗೆರೆಯೂ ಬಿದ್ದಿರಲಿಲ್ಲ. ಏಕನಾಥ ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟ. ಕಣ್ಣ ಮುಂದೆ ತಾಜಮಹಲು, ಅದರ ಮುಂದೆ ರತ್ನಾ, ರತ್ನಾಳ ಕೈಯಲ್ಲಿ ಪುಳಿಯೋಗರೆಯ ಡಬ್ಬಿ.

ಮೇಡಂ ಮೈಕಿನ ಮುಂದೆ ಬಂದರು. “ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳು ನಾನು. ತಪ್ಪಿಲ್ಲದ ಬರಹ ಇವತ್ತೇ ನೋಡ್ತಿರೋದು. ಇಂಥ ಸಂಪಾದಕರು ಕೆಲಸ ಬಿಡ್ತಾರೆ ಅಂತ ಯಾರೋ ಹೇಳಿದ್ದರು, ನನಗೆ ಬೇಸರವಾಗಿತ್ತು. ಆದರೆ ನಾಲ್ಕನೆಯ ಪುಟ ಓದಿ ಸಮಾಧಾನವಾಯ್ತು.”

ನಾಲ್ಕನೆಯ ಪುಟ ಎಂದ ಕೂಡಲೇ ಹಾಲಿನಲ್ಲಿ ಹಾಳೆಗಳು ಸರಸರನೆ ಮಗುಚಿದವು. ಏಕನಾಥನೂ ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಆ ಪುಟ ತೆರೆದ. ಹುಟ್ಟುಹಬ್ಬಗಳ ಕೆಳಗೆ, ಚೌಕಟ್ಟಿನೊಳಗೆ, ದಪ್ಪ ಅಕ್ಷರದಲ್ಲಿ ಇತ್ತು:

‘ಏಕನಾಥ ದಂಪತಿಗಳ ಮದುವೆಯ ಇಪ್ಪತ್ತೈದನೆಯ ವಾರ್ಷಿಕೋತ್ಸವವನ್ನು ಭಾನುವಾರ ಸಂಜೆಯ ಸಭೆಯಲ್ಲಿ ಆಚರಿಸಲಾಯಿತು. ಈ ಶುಭ ಸಂದರ್ಭದ ನೆನಪಿಗಾಗಿ ಶ್ರೀ ಏಕನಾಥರು ಇನ್ನೂ ಐದು ವರ್ಷ, ಒಂದು ಭಾನುವಾರವನ್ನೂ ತಪ್ಪಿಸದೆ, ಸಂಪಾದಕರಾಗಿ ಮುಂದುವರಿಯುವುದಾಗಿ ಸಂತೋಷದಿಂದ ಘೋಷಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಶ್ರೀಮತಿ ರತ್ನಾ ಅವರ ಕಣ್ಣಲ್ಲಿ ಆನಂದಬಾಷ್ಪ ಕಂಡುಬಂದಿತು.’

ಏಕನಾಥ ಕೃಷ್ಣಮೂರ್ತಿಯ ಕಡೆ ನೋಡಿದ. ಕೃಷ್ಣಮೂರ್ತಿ ಶಾಲಿನ ಮಡಿಕೆ ಸರಿಮಾಡುತ್ತಿದ್ದರು. ಏಕನಾಥ ಎದ್ದುನಿಂತ. “ಮೇಡಂ, ನಾಲ್ಕನೇ ಪುಟ... ಅದು ತಪ್ಪು ಸುದ್ದಿ.”

“ತಪ್ಪು?” ಮೇಡಂ ಮೇಜಿನ ಮೇಲಿನ ಕೆಂಪು ಪೆನ್ಸಿಲ್ ಕೈಗೆ ತೆಗೆದುಕೊಂಡರು. “ಈ ಸಭೆ ಈಗ ತಾನೇ ಶುರುವಾಗಿದೆ. ಇದರ ಸುದ್ದಿ ಆಗಲೇ ಅಚ್ಚಾಗಿದೆ. ಸಂಪಾದಕರು ಮೊದಲೇ ಒಪ್ಪಿ ಬರೆಸಿರಬೇಕು ಅಂದ್ಕೊಂಡೆ. ಇಲ್ಲ ಅಂದ್ರೆ, ನಡೆಯದೇ ಇದ್ದದ್ದನ್ನ ಮೊದಲೇ ಬರೆಯೋ ಅಭ್ಯಾಸ ನಿಮ್ಮ ಪತ್ರಿಕೆಗೆ ಇದೆ ಅಂತಾಯ್ತು. ಹಾಗಾದ್ರೆ ಮೂರನೇ ಪುಟಾನೂ ಇನ್ನೊಂದು ಸಲ ನೋಡ್ಲಾ?”

ಲೀಲಮ್ಮನವರು ಮಫ್ಲರಿನೊಳಕ್ಕೆ ಮುಖ ಹುದುಗಿಸಿದರು. ಹದಿನಾಲ್ಕು ಸದಸ್ಯರು ನೆಲ ನೋಡಿದರು. ಕೃಷ್ಣಮೂರ್ತಿ ವೇದಿಕೆಯಿಂದ ಇಳಿದು ಬಂದು ಮೆಲ್ಲಗೆ ಬಾಗಿ, ಬೆಳಗಿನ ಅದೇ ಸಮಾಧಾನದ ದನಿಯಲ್ಲಿ ಅವನ ಕಿವಿಯಲ್ಲಿ ಹೇಳಿದರು. “ಪ್ರಿಂಟ್ ಆಗಿಬಿಟ್ಟಿದೆ, ಏಕನಾಥ್ ಅವರೇ. ನಿಮ್ಮಿಂದಲೇ ಕಲಿತದ್ದು.”

ಏಕನಾಥ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. “ಐದು ವರ್ಷ ಮುಂದುವರಿಯೋದಕ್ಕೆ... ಸಂತೋಷದಿಂದ ಒಪ್ಪಿದೀನಿ,” ಎಂದ.

ಕರ್ನಲ್ ಪೂವಣ್ಣನವರಿಗೆ ಆದದ್ದೇನೆಂದು ಪೂರ್ತಿ ಅರ್ಥವಾಗಿರಲಿಲ್ಲ. ಆದರೆ ಕೈಯಲ್ಲಿ ಆರ್ಡರ್ ಇತ್ತು. ಕನ್ನಡಕದ ಮೇಲಿಂದ ಚೌಕಟ್ಟಿನೊಳಗಿನ ಸಾಲು ನೋಡಿಕೊಂಡು, “ಸಭೆ ಎದ್ದು ನಿಲ್ಲಲಿ,” ಎಂದು ಗುಡುಗಿದರು. ಸಭೆ ಎದ್ದು ನಿಂತಿತು. “ಚಪ್ಪಾಳೆ,” ಎಂದರು. ಚಪ್ಪಾಳೆ ಬಿತ್ತು. ಆಮೇಲೆ ಕೊನೆಯ ಸಾಲು ಓದಿಕೊಂಡು ಎಲ್ಲರೂ ಒಟ್ಟಿಗೆ ರತ್ನಾಳ ಕಡೆ ತಿರುಗಿದರು.

ರತ್ನಾಳ ಕಣ್ಣಲ್ಲಿ ನೀರು ತುಂಬಿತ್ತು. ಅದು ಯಾವ ಬಗೆಯ ನೀರು ಎಂದು ಗೊತ್ತಿದ್ದವನು ಆ ಹಾಲಿನಲ್ಲಿ ಒಬ್ಬನೇ. ವೈಜಯಂತಿ ಮೇಡಂ ಅದನ್ನೂ ನೋಡಿ, ತಲೆದೂಗಿ, ಪೆನ್ಸಿಲನ್ನು ಕೈಚೀಲಕ್ಕೆ ಹಾಕಿದರು.

ಮನೆಗೆ ನಡೆದು ಬರುವಾಗ ರತ್ನಾ ಎರಡು ಹೆಜ್ಜೆ ಮುಂದಿದ್ದಳು. ಏಕನಾಥನ ಹೆಗಲ ಮೇಲೆ ಶಾಲು ಇತ್ತು, ಸೆಕೆಗೆ ಅದು ಕಂಬಳಿಯಂತೆ ಕುದಿಸುತ್ತಿತ್ತು. ಸೊಸೈಟಿಯ ಗೇಟಿನ ಹತ್ತಿರ ಬಂದಾಗ ಅವಳು ನಿಂತಳು.

“ಮುಂದಿನ ಭಾನುವಾರದ ವರದಿ ಯಾವಾಗ ಬರೀತೀರಿ?”

“ಶುಕ್ರವಾರ,” ಎಂದ ಏಕನಾಥ ಕ್ಷೀಣವಾಗಿ.

“ಅದರಲ್ಲಿ ಇದನ್ನೂ ಸೇರಿಸಿ. ಸಂಪಾದಕರ ಹೆಂಡತಿ ಲೀಲಮ್ಮನವರನ್ನ ಜೊತೆಗೆ ಕರ್ಕೊಂಡು ಆಗ್ರಾಕ್ಕೆ ಹೋಗಿ ತಾಜಮಹಲು ನೋಡಿದರು. ಪುಳಿಯೋಗರೆ ಇಬ್ಬರೇ ತಿಂದರು. ಸಂಪಾದಕರು ಮನೇಲಿದ್ದು, ಹಿಂದಿನ ದಿನದ ಅನ್ನ ಬಿಸಿ ಮಾಡ್ಕೊಂಡು, ಸಂತೋಷದಿಂದ ಊಟ ಮಾಡಿದರು.” ಅವಳು ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು. “ನೀವು ಬರೆದ ಮೇಲೆ ತಪ್ಪೋ ಹಾಗಿಲ್ಲವಲ್ಲ.”

ಏಕನಾಥ ಅಲ್ಲೇ ನಿಂತು ಬೆರಳು ಮಡಚಿ ಲೆಕ್ಕ ಹಾಕಿದ. ಸರಿಯಾಗಿ ನಾಲ್ಕು ಸಾಲು ಆಗುತ್ತಿತ್ತು.